ವಿಯೆಟ್ನಾಂ ಇ-ವೀಸಾ: ಅರ್ಜಿ ತುಂಬುವ ಮುನ್ನ ಪಾಸ್‌ಪೋರ್ಟನ್ನು ಓದಿ

2023ರ ಆಗಸ್ಟ್ 15ರಿಂದ ವಿಯೆಟ್ನಾಂ ಸರ್ಕಾರವು ಎಲ್ಲ ದೇಶಗಳ ಪ್ರಜೆಗಳಿಗೂ 90 ದಿನಗಳವರೆಗಿನ ಇ-ವೀಸಾ ಕೊಡತೊಡಗಿದ ಮೇಲೆ, ನಮ್ಮ ಬಂಧುಬಳಗದಲ್ಲಿ ಆ ದೇಶಕ್ಕೆ ಹೋಗಿಬರುವವರು ಬಹಳ ಹೆಚ್ಚಾಗಿದ್ದಾರೆ. 2017ರಲ್ಲಿ ಆರಂಭವಾದ ಹಳೆಯ ವ್ಯವಸ್ಥೆಯಲ್ಲಿ ಇ-ವೀಸಾ 30 ದಿನಗಳಿಗೆ, ಅದೂ ಒಂದೇ ಸಲದ ಪ್ರವೇಶಕ್ಕೆ ಸೀಮಿತವಾಗಿತ್ತು. ಈಗ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50 ಡಾಲರ್ ಶುಲ್ಕವಿದೆ. ದೂತಾವಾಸಕ್ಕೆ ಹೋಗುವ ಅಗತ್ಯವಿಲ್ಲ, ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬೇಕಾಗಿಲ್ಲ. ಮನೆಯಲ್ಲಿ ಇಂತಹ ಕೆಲಸಗಳನ್ನು ಮಾಡಿಕೊಡುವವಳು ನಾನೇ ಆದ್ದರಿಂದ, ಹಿರಿಯರ ಮತ್ತು ಮಕ್ಕಳ ಅರ್ಜಿಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಅವುಗಳನ್ನು ತುಂಬುತ್ತಾ ನನಗೆ ಮನವರಿಕೆಯಾದ ಸಂಗತಿಯೊಂದನ್ನು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಿಂದೆ ವೀಸಾ ಅರ್ಜಿಯನ್ನು ಕೌಂಟರಿನಲ್ಲಿ ಕೊಡುವಾಗ, ಅದನ್ನು ಪಡೆದುಕೊಳ್ಳುವವರು ಪಾಸ್‌ಪೋರ್ಟನ್ನು ತೆರೆದು ಸಾಲು ಸಾಲಾಗಿ ಹೋಲಿಸಿ ನೋಡುತ್ತಿದ್ದರು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೆ ಅಲ್ಲಿಯೇ ತಿದ್ದಿಸುತ್ತಿದ್ದರು. ಇ-ವೀಸಾದಲ್ಲಿ ಆ ಪರಿಶೀಲನೆಯ ಹೊಣೆ ಪೂರ್ತಿಯಾಗಿ ಅರ್ಜಿದಾರರ ಮೇಲೆ ಬಂದಿದೆ. ನಾವು ತಪ್ಪಾಗಿ ಬರೆದದ್ದು ತಪ್ಪಾಗಿಯೇ ಮುದ್ರಣಗೊಂಡು ಬರಬಹುದು. ಆ ತಪ್ಪು ಮೊದಲ ಬಾರಿಗೆ ಇನ್ನೊಬ್ಬರ ಕಣ್ಣಿಗೆ ಬೀಳುವುದು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ. ಪ್ರವೇಶ ನಿರಾಕರಿಸಲ್ಪಟ್ಟ ಪ್ರಯಾಣಿಕರನ್ನು ಮರಳಿ ಕರೆತರುವ ಹೊಣೆ ವಿಮಾನ ಸಂಸ್ಥೆಯದೇ ಆದ್ದರಿಂದ, ವೀಸಾ ಸರಿಯಿಲ್ಲದವರನ್ನು ಅವರು ಬೆಂಗಳೂರಿನಲ್ಲಿಯೇ ತಡೆಯುತ್ತಾರೆ. ಆದ್ದರಿಂದಲೇ ಈ ಅರ್ಜಿಯನ್ನು ಮೂಲ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಅವಸರವಿಲ್ಲದ ಹೊತ್ತಿನಲ್ಲಿ, ಮನೆಯವರೇ ಕುಳಿತು ತುಂಬಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡಿಗರಿಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೆಸರಿನ ಕಾಲಂನಲ್ಲಿ. ನಮ್ಮಲ್ಲಿ ಅನೇಕರಿಗೆ ಉತ್ತರ ಭಾರತದವರಂತೆ ಪ್ರತ್ಯೇಕವಾದ ಮನೆತನದ ಹೆಸರಿಲ್ಲ. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಂಬ ಕ್ರಮವಿದೆ, ದಿನಬಳಕೆಯಲ್ಲಿ ಮೊದಲ ಎರಡು ಇನಿಷಿಯಲ್‌ಗಳಾಗಿ ಉಳಿಯುತ್ತವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕೆಂಬ ನಿಯಮವಿರುವುದರಿಂದ, ಆಧಾರ್‌ನಲ್ಲಿ ಒಂದು, ಬ್ಯಾಂಕಿನ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೂಪದಲ್ಲಿ ಒಬ್ಬರದೇ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ.

ನಮ್ಮ ಅತ್ತೆಯವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವರ ಹೆಸರಿನ ಹಿಂದೆ 'ಸಿ. ಎನ್.' ಎಂಬ ಎರಡು ಇನಿಷಿಯಲ್‌ಗಳಷ್ಟೇ ಇವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬಲ್ಲಿ ಚಿಕ್ಕನಾಯಕನಹಳ್ಳಿ ಎಂಬ ಊರಿನ ಹೆಸರೂ ಅವರ ತಂದೆಯವರ ಹೆಸರೂ ಒಟ್ಟಿಗೆ ಇವೆ. ಗಿವನ್ ನೇಮ್ ಎಂಬಲ್ಲಿ ಅವರ ಸ್ವಂತ ಹೆಸರೊಂದೇ ಇದೆ. ವಿಯೆಟ್ನಾಂ ಅರ್ಜಿಯಲ್ಲಿಯೂ ಇದೇ ವಿಭಾಗವನ್ನು ಅನುಸರಿಸಬೇಕು. ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತಿದ್ದ ಅತ್ತೆಯವರು, "ಊರಿನ ಹೆಸರು ಯಾಕಮ್ಮ, ಅದನ್ನು ಬಿಟ್ಟು ನನ್ನ ಹೆಸರು, ನಿಮ್ಮ ಮಾವನವರ ಹೆಸರು ಹಾಕು" ಎಂದರು. ಮದುವೆಯಾದ ಮೇಲೆ ಅವರನ್ನು ಎಲ್ಲರೂ ಗುರುತಿಸುವುದು ಹಾಗೆಯೇ ಆದ್ದರಿಂದ ಅವರ ಮಾತು ಸಹಜವೇ ಆಗಿತ್ತು; ಆದರೆ ವಲಸೆ ಅಧಿಕಾರಿಗೆ ತಿಳಿದಿರುವುದು ಪಾಸ್‌ಪೋರ್ಟಿನಲ್ಲಿರುವ ಹೆಸರೊಂದೇ ಎಂದು ಅವರಿಗೆ ವಿವರಿಸಬೇಕಾಯಿತು.

ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಅಡಿಯಲ್ಲಿ ತಲಾ 44 ಸ್ಥಾನಗಳ ಎರಡು ಸಾಲುಗಳಿರುತ್ತವೆ. ಯಂತ್ರವು ಓದುವುದು ಈ ಸಾಲುಗಳನ್ನು. ಮೊದಲ ಸಾಲಿನಲ್ಲಿ ದಾಖಲೆಯ ಬಗೆ ಮತ್ತು ದೇಶದ ಸಂಕೇತಕ್ಕೆ 5 ಸ್ಥಾನಗಳು ಹೋದರೆ, ಹೆಸರಿಗೆ ಉಳಿಯುವುದು 39. ಸರ್‌ನೇಮ್ ಮುಗಿದು ಸ್ವಂತ ಹೆಸರು ಆರಂಭವಾಗುವ ಜಾಗದಲ್ಲಿ ಎರಡು ಬಾಣದ ಗುರುತುಗಳಿರುತ್ತವೆ, ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದು. ಹೆಸರಿನ ಯಾವ ಭಾಗ ಎಲ್ಲಿಗೆ ಸೇರಿದೆ ಎಂಬ ಅನುಮಾನ ಬಂದಾಗ ಈ ಗುರುತುಗಳನ್ನು ನೋಡಿದರೆ ಸಾಕು. ಇಂಗ್ಲಿಷಿನಲ್ಲಿ ಚಿಕ್ಕನಾಯಕನಹಳ್ಳಿ ಎಂದು ಬರೆಯಲು 19 ಅಕ್ಷರಗಳು ಬೇಕು; ಅದರ ಜೊತೆ ತಂದೆಯ ಹೆಸರೂ ಸೇರಿದರೆ 39 ಸ್ಥಾನಗಳು ಸಾಲದೆ, ಹೆಸರಿನ ಕೊನೆಯ ಭಾಗ ಆ ಸಾಲಿನಲ್ಲಿ ಮೊಟಕಾಗುವುದುಂಟು. ಹಾಗಾದಾಗ ಮೊಟಕಾದ ರೂಪವನ್ನಲ್ಲ, ಮೇಲೆ ಪೂರ್ತಿಯಾಗಿ ಮುದ್ರಿತವಾದ ಹೆಸರನ್ನೇ ಅರ್ಜಿಯಲ್ಲಿ ಬರೆಯಬೇಕು. ವಿಮಾನದ ಟಿಕೆಟ್ಟಿನಲ್ಲಿರುವ ಹೆಸರೂ ಅದಕ್ಕೆ ಹೊಂದಿಕೆಯಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿರುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಅಂತಹವರು ಅಂದಕ್ಕೆಂದು ತಂದೆಯ ಹೆಸರನ್ನೋ ಇನಿಷಿಯಲನ್ನೋ ಸೇರಿಸಬಾರದು. ಪಾಸ್‌ಪೋರ್ಟಿನಲ್ಲಿ ಇಲ್ಲದ ಪದವನ್ನು ವೀಸಾದಲ್ಲಿ ಸೃಷ್ಟಿಸುವುದೆಂದರೆ ತೊಂದರೆಯನ್ನು ಕರೆದುಕೊಂಡು ಬಂದಂತೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ನಿರ್ಬಂಧ ಹಾಕಿದಾಗ ಅನೇಕ ದಕ್ಷಿಣ ಭಾರತೀಯರು ಕಂಗಾಲಾಗಿದ್ದರು. ಮೇಲಿಂದ ಮೇಲೆ ವಿದೇಶಕ್ಕೆ ಹೋಗಬೇಕಾದವರು ಪಾಸ್‌ಪೋರ್ಟನ್ನು ಮರುವಿತರಣೆಗೆ ಕೊಡುವಾಗ ಹೆಸರನ್ನು ಎರಡು ಭಾಗಗಳಾಗಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಪಾಸ್‌ಪೋರ್ಟ್ ಸಂಖ್ಯೆಯ ವಿಷಯ ಸುಲಭ. ಭಾರತೀಯ ಪಾಸ್‌ಪೋರ್ಟಿನ ಸಂಖ್ಯೆಯಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ 7 ಅಂಕಿಗಳು ಇರುತ್ತವೆ. ಆದ್ದರಿಂದ ಮೊದಲ ಸ್ಥಾನವನ್ನು ಬಿಟ್ಟು ಬೇರೆಲ್ಲಿ ದುಂಡಗಿನ ಗುರುತು ಕಂಡರೂ ಅದು ಸೊನ್ನೆಯೇ ಹೊರತು ಅಕ್ಷರವಲ್ಲ.

ದಿನಾಂಕದ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ನಮ್ಮಲ್ಲಿಂದ ರಾತ್ರಿ ಹೊರಡುವ ವಿಮಾನಗಳು ವಿಯೆಟ್ನಾಂ ತಲುಪುವುದು ಮರುದಿನ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಅರ್ಜಿಯಲ್ಲಿ ಕೇಳುವುದು ಅಲ್ಲಿ ಕಾಲಿಡುವ ದಿನಾಂಕವನ್ನೇ ಹೊರತು ಇಲ್ಲಿಂದ ಹೊರಡುವ ದಿನಾಂಕವನ್ನಲ್ಲ. ವೀಸಾದಲ್ಲಿ ನಮೂದಾದ ಮೊದಲ ದಿನಕ್ಕಿಂತ ಮುಂಚೆ ಪ್ರವೇಶ ಸಿಗುವುದಿಲ್ಲ, ಕೊನೆಯ ದಿನದ ನಂತರ ಉಳಿದರೆ ದಂಡ ಕಟ್ಟಬೇಕಾಗುತ್ತದೆ. 90 ದಿನಗಳವರೆಗೆ ಅವಧಿ ಕೇಳುವ ಅವಕಾಶವಿರುವಾಗ, ಒಂದು ವಾರದ ಪ್ರವಾಸಕ್ಕೆ ಅಳೆದು ಒಂದೇ ವಾರ ಕೇಳುವುದರಲ್ಲಿ ಅರ್ಥವಿಲ್ಲ. ಶುಲ್ಕ ಅವಧಿಯನ್ನು ಅವಲಂಬಿಸಿಲ್ಲ. ಆದ್ದರಿಂದ ನಾನು ಪ್ರಯಾಣದ ಹಿಂದೆ ಮುಂದೆ ಕೆಲವು ದಿನಗಳ ಅವಕಾಶವಿಟ್ಟೇ ದಿನಾಂಕಗಳನ್ನು ತುಂಬುತ್ತೇನೆ. ವಿಮಾನದ ವೇಳಾಪಟ್ಟಿ ಬದಲಾದರೂ ವೀಸಾ ಕೆಡುವುದಿಲ್ಲ.

ಒಂದು ಸಲವೋ ಹಲವು ಸಲವೋ ಎಂಬ ಆಯ್ಕೆಯನ್ನು ಪ್ರವಾಸದ ನಕ್ಷೆ ನೋಡಿ ಮಾಡಬೇಕು. ದನಾಂಗ್ ಸಮೀಪದ ಮಿ ಸನ್‌ನಲ್ಲಿರುವ ಚಂಪಾ ಅರಸರ ಕಾಲದ ಶಿವಾಲಯಗಳನ್ನು ನೋಡಬೇಕೆಂಬ ಆಸೆಯಿಂದ ಹೊರಡುವ ನಮ್ಮವರು, ಹೇಗೂ ಅಷ್ಟು ದೂರ ಹೋಗಿರುತ್ತೇವೆಂದು ಕಾಂಬೋಡಿಯಾದ ಅಂಗ್ಕೋರ್ ವಾಟ್ ಅನ್ನೂ ಸೇರಿಸಿಕೊಳ್ಳುತ್ತಾರೆ. (ಮಿ ಸನ್ ದೇಗುಲಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಣೆಯ ಕೆಲಸ ಮಾಡಿದೆ, 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಏಕಶಿಲಾ ಶಿವಲಿಂಗವೊಂದು ದೊರೆಯಿತು. ಅದನ್ನು ಕಾಣುವ ಹಂಬಲ ಇರುವವರಲ್ಲಿ ನಾನೂ ಒಬ್ಬಳು.) ಆದರೆ ಹೋ ಚಿ ಮಿನ್ ನಗರದಿಂದ ಕಾಂಬೋಡಿಯಾಕ್ಕೆ ಹೋದ ಕ್ಷಣಕ್ಕೆ ಒಂದು ಸಲದ ವೀಸಾ ಮುಗಿದುಹೋಗುತ್ತದೆ. ಮರಳುವ ವಿಮಾನ ವಿಯೆಟ್ನಾಂನಿಂದಲೇ ಇದ್ದರೆ ಮತ್ತೆ ಒಳಗೆ ಬರಲು ಹೊಸ ವೀಸಾ ಬೇಕು. ಅಂತಹವರು 25 ಡಾಲರ್ ಉಳಿಸಲು ಹೋಗಬಾರದು. ಪ್ರವೇಶದ ಸ್ಥಳವನ್ನೂ ಅರ್ಜಿಯಲ್ಲಿಯೇ ಸೂಚಿಸಬೇಕಿರುವುದರಿಂದ, ಹನೋಯ್‌ನ ನೊಯ್ ಬಾಯ್, ಹೋ ಚಿ ಮಿನ್ ನಗರದ ತಾನ್ ಸನ್ ನ್ಯಾಟ್, ದನಾಂಗ್ ಇವುಗಳಲ್ಲಿ ಯಾವುದರಲ್ಲಿ ಇಳಿಯುತ್ತೇವೆ ಎಂಬುದನ್ನು ಟಿಕೆಟ್ ನೋಡಿಯೇ ಆರಿಸಿಕೊಳ್ಳಬೇಕು.

ಅಪ್‌ಲೋಡ್ ಮಾಡಬೇಕಾದ ಚಿತ್ರಗಳು ಎರಡು: ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟ ಮತ್ತು ಕನ್ನಡಕವಿಲ್ಲದೆ ನೇರವಾಗಿ ನೋಡುತ್ತಿರುವ ಮುಖದ ಫೋಟೊ. ಪಾಸ್‌ಪೋರ್ಟ್ ಪುಟದ ಮೇಲಿನ ಹೊಳಪು ಹಾಳೆ ಟ್ಯೂಬ್‌ಲೈಟಿನ ಬೆಳಕನ್ನು ಪ್ರತಿಫಲಿಸಿ, ಹುಟ್ಟಿದ ದಿನಾಂಕದ ಮೇಲೋ ಅಡಿಯ ಸಾಲುಗಳ ಮೇಲೋ ಬಿಳಿಯ ಪಟ್ಟಿ ಮೂಡಿಸುತ್ತದೆ. ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕದಲ್ಲಿ, ದೀಪಗಳನ್ನು ಆರಿಸಿ, ಪುಸ್ತಕವನ್ನು ಸಮತಟ್ಟಾಗಿ ಒತ್ತಿಹಿಡಿದು ತೆಗೆದ ಚಿತ್ರ ಸ್ಪಷ್ಟವಾಗಿ ಬರುತ್ತದೆ. ನಾಲ್ಕು ಮೂಲೆಗಳೂ, ಅಡಿಯ ಎರಡೂ ಸಾಲುಗಳೂ ಪೂರ್ತಿಯಾಗಿ ಕಾಣುತ್ತಿವೆಯೇ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿಕೊಳ್ಳಬೇಕು. ಮಕ್ಕಳಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಇರುವುದರಿಂದ ಅವರಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ.

ಅರ್ಜಿ ಸಲ್ಲಿಸುವ ಜಾಲತಾಣದ ವಿಷಯದಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವುದಿದೆ. ಹುಡುಕಿದಾಗ ಮೊದಲಿಗೆ ಕಾಣುವ ಅನೇಕ ತಾಣಗಳು ಲಾಂಛನ, ಬಣ್ಣ, ಹೆಸರು ಎಲ್ಲದರಲ್ಲಿಯೂ ಸರ್ಕಾರಿ ತಾಣವನ್ನೇ ಹೋಲುತ್ತವೆ. ಆದರೆ ಅವು ಖಾಸಗಿಯವರು ನಡೆಸುವಂಥವು, ಶುಲ್ಕದ ಮೇಲೆ ತಮ್ಮ ಸೇವಾಶುಲ್ಕವನ್ನೂ ಸೇರಿಸುತ್ತವೆ. ವಿಯೆಟ್ನಾಂ ಸರ್ಕಾರದ ತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದೇ ಮುಗಿಯುತ್ತದೆ. ಪಾಸ್‌ಪೋರ್ಟಿನ ಪ್ರತಿಯನ್ನೂ ಮುಖದ ಚಿತ್ರವನ್ನೂ ಗುರುತು ಪರಿಚಯವಿಲ್ಲದವರಿಗೆ ಒಪ್ಪಿಸುವುದು ಹಣ ಹೋಗುವುದಕ್ಕಿಂತ ದೊಡ್ಡ ಅಪಾಯ. ಪರಿಚಯದ ಏಜೆಂಟರ ಮೂಲಕ ಮಾಡಿಸುವವರು ಸಹ ಅರ್ಜಿಯಲ್ಲಿ ತಮ್ಮದೇ ಇಮೇಲ್ ವಿಳಾಸ ಇರುವಂತೆ ನೋಡಿಕೊಳ್ಳಬೇಕು. ಅರ್ಜಿಯ ಸ್ಥಿತಿಯನ್ನು ನೋಡಲು ನೋಂದಣಿ ಸಂಕೇತ, ಇಮೇಲ್, ಜನ್ಮದಿನಾಂಕ ಮೂರೂ ಬೇಕು. ನಮ್ಮ ಬಂಧುಗಳೊಬ್ಬರ ಅರ್ಜಿಯಲ್ಲಿ ಏಜೆಂಟರು ತಮ್ಮ ಇಮೇಲನ್ನು ಕೊಟ್ಟಿದ್ದರಿಂದ, ಏಜೆಂಟರು ಫೋನ್ ತೆಗೆಯುವವರೆಗೆ ವೀಸಾ ಬಂದಿದೆಯೋ ಇಲ್ಲವೋ ಎಂಬುದೂ ಅವರಿಗೆ ತಿಳಿಯಲಿಲ್ಲ.

ಹಣ ಪಾವತಿಸುವ ಹಂತದಲ್ಲಿ ಕಾರ್ಡ್ ತಿರಸ್ಕೃತವಾದರೆ ಗಾಬರಿಯಾಗಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮತ್ತು ಆನ್‌ಲೈನ್ ವ್ಯವಹಾರದ ಸೌಲಭ್ಯಗಳನ್ನು ನಾವಾಗಿಯೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಬಂದ್ ಮಾಡಬಹುದು. ಆದರೆ ಪಾವತಿಸುವ ಗುಂಡಿಯನ್ನು ಒತ್ತುವ ಮುನ್ನ ಇಡೀ ಅರ್ಜಿಯನ್ನು ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಪಾಸ್‌ಪೋರ್ಟಿನೊಂದಿಗೆ ಹೋಲಿಸುವ ಅಭ್ಯಾಸವನ್ನು ನಾನು ಎಂದೂ ಬಿಟ್ಟಿಲ್ಲ. ವೀಸಾ ಸಿಗಲಿ, ಬಿಡಲಿ, ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ.

ಪರಿಶೀಲನೆಗೆ ಸರ್ಕಾರ ಹೇಳುವ ಅವಧಿ 3 ಕೆಲಸದ ದಿನಗಳು. ಇದರಲ್ಲಿ ಶನಿವಾರ, ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಖ್ಯವಾದ ಮಾತೆಂದರೆ, ನಮ್ಮ ಶಾಲೆಗಳ ಬೇಸಿಗೆ ರಜೆಯ ನಡುವೆಯೇ ಏಪ್ರಿಲ್ 30 ಮತ್ತು ಮೇ 1ರಂದು ಅಲ್ಲಿನ ಕಚೇರಿಗಳಿಗೆ ರಾಷ್ಟ್ರೀಯ ರಜೆ ಇರುತ್ತದೆ. ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ಬರುವ ಅವರ ಚಾಂದ್ರಮಾನ ಹೊಸವರ್ಷ ತೆತ್ ಸಂದರ್ಭದಲ್ಲಿ ಹಲವು ದಿನಗಳ ಕಾಲ ಕೆಲಸ ನಿಲ್ಲುತ್ತದೆ. ಮೇ ಮೊದಲ ವಾರದಲ್ಲಿ ಹೊರಡುವವರು ಏಪ್ರಿಲ್ ಮೊದಲಾರ್ಧದಲ್ಲಿಯೇ ಅರ್ಜಿ ಸಲ್ಲಿಸಿದರೆ ನಿಶ್ಚಿಂತೆಯಿಂದ ಇರಬಹುದು.

ವೀಸಾ ಪಿಡಿಎಫ್ ರೂಪದಲ್ಲಿ ದೊರೆತ ಕೂಡಲೇ, ಸಂತೋಷದಿಂದ ಮುಚ್ಚಿಡದೆ, ಅದರಲ್ಲಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ, ಪ್ರವೇಶದ ಬಗೆ ಇವನ್ನು ಮತ್ತೊಮ್ಮೆ ನೋಡಬೇಕು. ಹೊರಡಲು ದಿನಗಳು ಉಳಿದಿರುವಾಗ ತಪ್ಪು ಕಂಡರೆ ಹೊಸ ಅರ್ಜಿಗಾದರೂ ಸಮಯ ಇರುತ್ತದೆ. ಪ್ರತಿಯೊಬ್ಬರ ವೀಸಾವನ್ನೂ ಕಾಗದದ ಮೇಲೆ ಮುದ್ರಿಸಿ ಅವರವರ ಪಾಸ್‌ಪೋರ್ಟಿನೊಳಗೆ ಇಡುವುದು ಹಿರಿಯರೊಂದಿಗೆ ಪ್ರಯಾಣಿಸುವಾಗ ಬಹಳ ಅನುಕೂಲ, ಏಕೆಂದರೆ ವಲಸೆ ಕೌಂಟರಿನಲ್ಲಿ ಒಬ್ಬೊಬ್ಬರಾಗಿ ನಿಲ್ಲಬೇಕಾದಾಗ ಅವರು ಇನ್ನೊಬ್ಬರ ಮೊಬೈಲಿಗಾಗಿ ಕಾಯಬೇಕಾಗುವುದಿಲ್ಲ. ಅಧಿಕಾರಿಯು ಮುದ್ರೆ ಒತ್ತಿ ಪಾಸ್‌ಪೋರ್ಟ್ ಮರಳಿಸಿದಾಗ, ಉಳಿಯಲು ಅನುಮತಿ ಇರುವ ಕೊನೆಯ ದಿನಾಂಕ ವೀಸಾದೊಂದಿಗೆ ಹೊಂದುತ್ತದೆಯೇ ಎಂದು ಆ ಕೌಂಟರನ್ನು ಬಿಡುವ ಮೊದಲೇ ನೋಡಿಕೊಳ್ಳಿ; ವ್ಯತ್ಯಾಸವಿದ್ದರೆ ಅಲ್ಲಿಯೇ ಕೇಳಿ ಸರಿಪಡಿಸಿಕೊಳ್ಳುವುದು ಸುಲಭ.