ಮುಂಜಾವಿನ ಸಾಲ

ಇಂದು ಬೆಳಿಗ್ಗೆ ಮುಂಬಯಿಯ ದಾದರ್ ಮಾರುಕಟ್ಟೆಯಲ್ಲಿ ಕೊತ್ತಂಬರಿ ಮಾರುವ ಕಲಬುರಗಿ ಕಡೆಯ ಅಕ್ಕ, ಸೊಂಟದ ಚೀಲದಿಂದ ಒಂದು ಮಾಸಿದ ಕಾರ್ಡ್ ತೆಗೆದು ತೋರಿಸಿದರು. ಬಡ್ಡಿಯವನು ಕೈಗೆ ಕೊಟ್ಟದ್ದು 9,000 ರೂಪಾಯಿ, ಬರೆದುಕೊಂಡದ್ದು 10,000. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು, ಕಟ್ಟಿದ ಪ್ರತಿ ದಿನಕ್ಕೂ ಒಂದು ಗೀಟು.

ಅಸಲು ದಿನದಿನವೂ ತೀರುತ್ತಾ ಹೋಗುವುದರಿಂದ, ವರ್ಷದ ಲೆಕ್ಕದಲ್ಲಿ ಈ ಬಡ್ಡಿ ಶೇ. 75ನ್ನು ಮೀರುತ್ತದೆ.

"ನಸುಕಿನ್ಯಾಗ ನಾಕಕ್ಕ ಮಾಲ್ ಎತ್ತಬೇಕ್ರಿ ಅಣ್ಣಾರ, ಆವಾಗ ಯಾವ ಬ್ಯಾಂಕ್ ತೆಗದಿರ್ತದ?" ಎಂದರು.

ಅವರಿಗೆ ಜನಧನ ಖಾತೆಯಿದೆ. 2014ರಲ್ಲಿ ಆರಂಭವಾದ ಆ ಯೋಜನೆ ಕೋಟ್ಯಂತರ ಬಡವರನ್ನು ಬ್ಯಾಂಕಿನೊಳಗೆ ಕರೆತಂದದ್ದು ದೊಡ್ಡ ಕೆಲಸವೇ ಸರಿ. ಆದರೆ ಖಾತೆ ಇದ್ದ ಮಾತ್ರಕ್ಕೆ ಬಂಡವಾಳ ಸಿಗುವುದಿಲ್ಲ. ಬೀದಿ ವ್ಯಾಪಾರಿಗಳಿಗೆ ಒತ್ತೆಯಿಲ್ಲದೆ ಸಾಲ ಕೊಡುವ ಪಿಎಂ ಸ್ವನಿಧಿ ಬಂದದ್ದು 2020ರಲ್ಲಿ. ಅದರ ಅರ್ಜಿ ತುಂಬಿಸಲು ಅಕ್ಕನಿಗೆ ಈವರೆಗೆ ಯಾರೂ ನೆರವಾಗಿಲ್ಲ.

ಹಣದ ಸೌಲಭ್ಯ ಬಡವರ ಕೈಗೆಟುಕಿದರೆ ಏನಾಗಬಹುದು ಎಂಬುದಕ್ಕೆ ಕೀನ್ಯಾ ಒಂದು ನಿದರ್ಶನ. ಅಲ್ಲಿ 2007ರಲ್ಲಿ ಮೊಬೈಲಿನಿಂದಲೇ ಹಣ ಕಳುಹಿಸುವ ಎಂ-ಪೆಸಾ ಶುರುವಾಯಿತು. ಅದು ಸುಮಾರು 1,94,000 ಕುಟುಂಬಗಳನ್ನು ಕಡುಬಡತನದಿಂದ ಮೇಲೆತ್ತಿತೆಂದು 2016ರ ಅಧ್ಯಯನವೊಂದು ಅಂದಾಜಿಸಿತು. ಹೆಚ್ಚು ಲಾಭವಾದದ್ದು ಹೆಂಗಸರೇ ನಡೆಸುವ ಮನೆಗಳಿಗೆ; ಅನೇಕ ಹೆಂಗಸರು ಬೇಸಾಯ ಬಿಟ್ಟು ಸಣ್ಣ ವ್ಯಾಪಾರಕ್ಕಿಳಿದರು.

ನಮ್ಮ ಅಕ್ಕ ವ್ಯಾಪಾರಕ್ಕೆ ಇಳಿದಾಗಿದೆ, ಗಿರಾಕಿಗಳೂ ಇದ್ದಾರೆ. ಬಡ್ಡಿಗೆ ಹೋಗುವ ಆ 1,000 ರೂಪಾಯಿ ಅವರಲ್ಲೇ ಉಳಿದರೆ ಮರುದಿನ ಕೊತ್ತಂಬರಿಯ ಜೊತೆಗೆ ಮೆಂತ್ಯ, ಪಾಲಕ್ ಸೊಪ್ಪನ್ನೂ ತಂದು ಮಾರಬಲ್ಲರು.