ಗಟ್ಟಿ ಆಯಿಲ್, ತೆಳು ಆಯಿಲ್

ಯುಗಾದಿ ರಜೆಗೆ ಹೊರನಾಡಿಗೆ ಹೋಗುವುದೆಂದು ತೀರ್ಮಾನವಾದದ್ದೇ ತಡ, ಸೋದರಮಾವ ಫೋನ್ ಮಾಡಿ ಅಪ್ಪಣೆ ಕೊಟ್ಟರು: "ಕಾರಿಗೆ 20ಡಬ್ಲ್ಯು-40 ಆಯಿಲ್ ಹಾಕಿಸು. ಘಾಟಿ ಹತ್ತುವ ಗಾಡಿಗೆ ಆಯಿಲ್ ಗಟ್ಟಿಯಾಗಿರಬೇಕು." ಅವರು ವರ್ಷಾನುಗಟ್ಟಲೆ ಅಂಬಾಸಿಡರ್ ಓಡಿಸಿದವರು. ಆ ಎಂಜಿನ್ನಿಗೆ ಅದು ಸರಿಯಾದ ಮಾತೇ. ನಮ್ಮದು ಸಣ್ಣ ಪೆಟ್ರೋಲ್ ಕಾರು. ಅದರ ಎಂಜಿನ್ನಿನೊಳಗೆ ಆಯಿಲ್ ಹರಿಯುವ ದಾರಿಗಳೇ ಕಿರಿದು. ಕೈಪಿಡಿ ತೆಗೆದು ನೋಡಿದರೆ 5ಡಬ್ಲ್ಯು-30, ಎಪಿಐ ಎಸ್‌ಎನ್ (ಆಯಿಲ್‌ನ ಗುಣಮಟ್ಟದ ದರ್ಜೆ) ಅಥವಾ ಅದಕ್ಕಿಂತ ಮೇಲಿನದು ಎಂದು ಸ್ಪಷ್ಟವಾಗಿ ಬರೆದಿತ್ತು.

ಅದನ್ನು ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಚೀಟಿ ನೋಡುವ ಮೊದಲೇ 0ಡಬ್ಲ್ಯು-20 ಕ್ಯಾನ್ ಎತ್ತಿ ಮುಂದಿಟ್ಟು, "ಇದನ್ನು ಹಾಕಿ ಸರ್, ಮೈಲೇಜ್ ಏರುತ್ತದೆ" ಎಂದರು. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಲೆಕ್ಕ. ಆ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನದಲ್ಲಿ. ಹೊರನಾಡಿನ ಹತ್ತಿರದ ಕಳಸದ ಮಾಗಿ ಚಳಿಗೂ 0 ಮತ್ತು 5ರ ನಡುವಿನ ವ್ಯತ್ಯಾಸ ಗೊತ್ತಾಗುವಂಥದ್ದಲ್ಲ. ನಾನು ನೋಡಿದ್ದು ಎರಡನೆಯ ಅಂಕಿಯನ್ನು. ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್‌ಗೆ ಉಳಿಯುವ ಸ್ನಿಗ್ಧತೆಯ, ಅಂದರೆ ಗಟ್ಟಿತನದ ಗುರುತು. ಘಾಟಿ ಹತ್ತುವಾಗ ಕೆಲಸಕ್ಕೆ ಬರುವುದು ಅದೇ. ಎಂಜಿನ್ ಮಾಡಿದವರು 30 ಎಂದಿದ್ದರೆ 30. ಮಾವನ 40 ಬೇಡ, ಅಂಗಡಿಯವರ 20 ಕೂಡ ಬೇಡ.

ಕ್ಯಾನಿನ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಮೆರೆಯುವ "ಫುಲ್ಲಿ ಸಿಂಥೆಟಿಕ್" ಎಂಬುದಕ್ಕಿಂತ ಹಿಂಭಾಗದ ಸಣ್ಣಕ್ಷರದ ಎಪಿಐ ಗುರುತಿನ ಮೇಲೆ ನನಗೆ ನಂಬಿಕೆ ಹೆಚ್ಚು. ಅಲ್ಲಿ ಎಸ್ ಎಂದರೆ ಪೆಟ್ರೋಲ್ ಎಂಜಿನ್ನಿನದು, ಸಿ ಎಂದರೆ ಡೀಸೆಲ್‌ನದು. ನಾನು ಕೊಂಡ ಕ್ಯಾನಿನಲ್ಲಿ ಎಸ್‌ಎನ್‌ಗಿಂತ ಮೇಲಿನ, 2020ರಲ್ಲಿ ಬಂದ ಎಸ್‌ಪಿ ಇತ್ತು. ಎಸ್‌ಎನ್ ಕೇಳುವ ಎಂಜಿನ್ನಿಗೆ ಅದು ಧಾರಾಳವಾಗಿ ಆಗುತ್ತದೆ. ಮುಚ್ಚಳದ ಸೀಲ್, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ನೋಡಿ, ಬಿಲ್ ಬರೆಸಿಕೊಂಡೆ. ಖಾಲಿ ಕ್ಯಾನಿಗೆ ಕಳಪೆ ಆಯಿಲ್ ತುಂಬಿ ಮಾರುವವರಿರುವಾಗ ಇಷ್ಟು ಅನುಮಾನ ಇರಬೇಕಾದದ್ದೇ.

ನಮ್ಮ ಬೀದಿಯ ಗ್ಯಾರೇಜಿನ ಮೆಕ್ಯಾನಿಕ್ ಮಿತಭಾಷಿ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಕೆಳಗೆ ಬಾಂಡ್ಲಿ ಇಟ್ಟು ಡ್ರೇನ್ ಬೋಲ್ಟ್ ಬಿಚ್ಚಿದರು. ಕಪ್ಪು ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ದಾರದಂತೆ, ಕೊನೆಗೆ ಹನಿಹನಿಯಾಗಿ ಇಳಿಯಿತು. ಕಪ್ಪಾದದ್ದಕ್ಕೆ ಗಾಬರಿಯೇನೂ ಇಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಆಯಿಲ್‌ನ ಕೆಲಸವೇ. ಹೊಸ ಫಿಲ್ಟರ್, ಬೋಲ್ಟಿಗೆ ಹೊಸ ವಾಷರ್ ಬಿದ್ದವು. ಅಳತೆಗಿಂತ ಸ್ವಲ್ಪ ಕಡಿಮೆಯೇ ಸುರಿದು, ಎಂಜಿನ್ ಓಡಿಸಿ ನಿಲ್ಲಿಸಿ, ಕೆಲವು ನಿಮಿಷ ಕಾದು, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರು. ಒರೆಸಿ ಮತ್ತೆ ಅದ್ದಿ ತೆಗೆದಾಗ ಜೇನಿನ ಬಣ್ಣದ ಗೆರೆ ಮೇಲಿನ ಗುರುತಿಗಿಂತ ತುಸು ಕೆಳಗಿತ್ತು. ಕ್ಯಾನಿನ ತಳದಲ್ಲಿ ಇನ್ನಷ್ಟು ಉಳಿದಿತ್ತು. "ಅದನ್ನೂ ಹಾಕಿಬಿಡಲೇ?" ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. "ಹೆಚ್ಚಾದರೆ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ" ಎಂದು ಮೆಕ್ಯಾನಿಕ್ ಕ್ಯಾನನ್ನು ನನ್ನ ಕೈಗೇ ಕೊಟ್ಟರು.

ಕೊನೆಗೆ ಬಾಗಿಲ ಅಂಚಿಗೆ ಚೀಟಿ ಅಂಟಿಸಿದರು: ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮ್ಮ ಕಾರು ಹೊರನಾಡು ಬಿಟ್ಟರೆ ಶಾಲೆ, ಮಾರುಕಟ್ಟೆಗಷ್ಟೇ ಓಡುವುದು. ಅಷ್ಟು ಕಡಿಮೆ ಓಟದಲ್ಲಿ ಎಂಜಿನ್ ಪೂರ್ತಿ ಕಾಯುವುದೂ ಇಲ್ಲ. ಒಳಗಿನ ತೇವ, ಉರಿಯದ ಪೆಟ್ರೋಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ಆದ್ದರಿಂದ ಮೀಟರ್ ಏನೇ ಹೇಳಲಿ, ನಮಗೆ ಅನ್ವಯಿಸುವುದು ಒಂದು ವರ್ಷದ ಗಡುವು.