ಕಟ್ಟೆ ಮೇಲೆ ಕಾಯುತ್ತಾ ಕೂತವಳು

2024ರ ಸಂಕ್ರಾಂತಿ ಮುಗಿದು ನಾಲ್ಕು ದಿನಕ್ಕೆ ನನ್ನ ತಮ್ಮ ಹೋದ. 38 ವರ್ಷ. ಬೆಳಗಿನ ಜಾವ ಎದೆ ಹಿಡಿದಂಗೆ ಆಗ್ತಿದೆ ಅಂದ, ನೀರು ಕೇಳಿದ, ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಆಗಲ್ಲ.

ನಾನು ಬರೆಯಬೇಕು ಅಂತಿರುವುದು ಆಮೇಲಿನ ದಿನಗಳ ಬಗ್ಗೆ, ನನ್ನ ಗೆಳತಿಯ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕಲ್ಲ. ಆರನೇ ಕ್ಲಾಸಿನಿಂದ ನಾವಿಬ್ಬರೂ ಒಂದೇ ಬೆಂಚು. ನಾವು ಲಿಂಗಾಯತರು, ಅವರು ಮುಸಲ್ಮಾನರು. ದಾವಣಗೆರೆಯಲ್ಲಿ ಅವಳ ಅಣ್ಣಂದಿರದು ಮಂಡಕ್ಕಿ ಭಟ್ಟಿ ಇದೆ, ಅವಳು ಪಕ್ಕ ಕೂತರೆ ಈಗಲೂ ಹುರಿದ ಅಕ್ಕಿಯ ವಾಸನೆ ಬರುತ್ತದೆ.

ಸುದ್ದಿ ಗೊತ್ತಾದ ಅರ್ಧ ಗಂಟೆಗೆ ಬಂದಳು. ಬಾಗಿಲಲ್ಲೇ ನಿಂತು ಮೆಲ್ಲಗೆ 'ಇನ್ನಾ ಲಿಲ್ಲಾಹಿ' ಅಂತ ಏನೋ ಹೇಳಿಕೊಂಡಳು. ಆಮೇಲೆ ಅವ್ವನ ಹತ್ತಿರ ಕೂತಳು, ಏನೂ ಮಾತಾಡಲಿಲ್ಲ. ಬೇರೆಯವರೆಲ್ಲ ಮಾತಾಡುತ್ತಿದ್ದರು. ದೇವರಿಗೂ ಒಳ್ಳೆಯವರೇ ಬೇಕು ನೋಡು ಅಂದರು ಒಬ್ಬರು. ಸಮಾಧಾನಕ್ಕೇ ಅಂದಿದ್ದು, ನನಗೆ ಗೊತ್ತು. ಆದರೆ ಆ ಮಾತು ಕೇಳಿದಾಗ ನನ್ನ ಎದೆಯಲ್ಲಿ ಏನೋ ಬಾಗಿಲು ಹಾಕಿಕೊಂಡಿತು. ದಯವಿಟ್ಟು ಸಾವಿನ ಮನೆಯಲ್ಲಿ ಯಾರೂ ಹಾಗೆ ಹೇಳಬೇಡಿ.

ಸಾವಾದ ಮನೆಯಲ್ಲಿ ಒಲೆ ಹಚ್ಚಲ್ಲ, ಅಕ್ಕಪಕ್ಕದವರು ಊಟ ತರುತ್ತಾರೆ. ಗೆಳತಿಯವರಲ್ಲೂ ಹಾಗೇ. ಪ್ರವಾದಿಯವರ ಸಂಬಂಧಿ ಜಾಫರ್ ಅನ್ನುವವರು ಯುದ್ಧದಲ್ಲಿ ತೀರಿಕೊಂಡಾಗ, ಆ ಮನೆಯವರಿಗೆ ಅಡುಗೆ ಮಾಡಿ ಕೊಡಿ ಅಂತ ಪ್ರವಾದಿಯವರೇ ಹೇಳಿದ್ದರಂತೆ. ಗೆಳತಿ ಮೂರು ದಿನ ಎರಡು ಹೊತ್ತೂ ಊಟ ತಂದಳು. ಮೊಟ್ಟೆ ಮುಟ್ಟಿದ ಪಾತ್ರೆಯೂ ಅವ್ವನಿಗೆ ಆಗಲ್ಲ ಅಂತ ಗೊತ್ತಿತ್ತಲ್ಲ, ಹೊಸ ಪಾತ್ರೆ ತಂದು ಅದರಲ್ಲೇ ಅನ್ನ, ತಿಳಿಸಾರು ಮಾಡಿದ್ದಳು. ನಮ್ಮ ಕಡೆಯ ಒಂದಿಬ್ಬರು ತಟ್ಟೆ ಮುಂದೆ ಸುಮ್ಮನೆ ಕೂತರು. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದಿದ್ದ ಅವ್ವ, 'ನನಗೆ ಹಾಕವ್ವ ಮೊದಲು' ಅಂದಳು. ಆಮೇಲೆ ಎಲ್ಲರೂ ಉಂಡರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವನ್ನೇ ಇಟ್ಟು, ವಿಭೂತಿ, ಪತ್ರೆ ಹಾಕುತ್ತಾರೆ. ತಮ್ಮನ ಬೆರಳು ಬಿಗಿದುಕೊಂಡಿದ್ದವು. ಅಯ್ಯನವರು ಒಂದೊಂದೇ ಬೆರಳು ಬಿಡಿಸಿ ಲಿಂಗ ಇಟ್ಟಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಗೆಳತಿಯ ಅಣ್ಣಂದಿರೂ ಬಂದಿದ್ದರು, ತಮ್ಮ ಪದ್ಧತಿಯಂತೆ ಮೂರು ಮೂರು ಹಿಡಿ ಮಣ್ಣು ಹಾಕಿದರು.

ಅವತ್ತಿನಿಂದ ನನಗೆ ಪೂಜೆಗೆ ಕೂರಲು ಆಗಲಿಲ್ಲ. ನಾನೂ ಎಡ ಅಂಗೈಯಲ್ಲೇ ಲಿಂಗ ಇಟ್ಟುಕೊಂಡು ನೋಡಬೇಕಲ್ಲ. ಕೈ ಚಾಚಿದರೆ ಅವನ ಕೈಯೇ ಕಾಣುತ್ತಿತ್ತು. ದೇವರಿಲ್ಲ ಅಂತ ಅನಿಸಿದ್ದಲ್ಲ, ಸಿಟ್ಟೂ ಅಲ್ಲ. ನನ್ನ ಕೈಗೆ ಹೆದರಿಕೆ, ಅಷ್ಟೆ. ಶಿವದಾರ ಕೊರಳಲ್ಲಿತ್ತು, ಲಿಂಗ ಇರುವ ಕರಡಿಗೆ ಮಾತ್ರ ತೆರೆಯಲಿಲ್ಲ.

ಆರನೇ ದಿನ ಬೆಳಿಗ್ಗೆ ಏಳಕ್ಕೆ ಅವಳು ಬಂದಳು. ಪೂಜೆ ಮಾಡದೆ ನಾನು ಬಾಯಿಗೆ ನೀರೂ ಹಾಕಲ್ಲ ಅಂತ ಸ್ಕೂಲಿನ ದಿನದಿಂದ ಅವಳಿಗೆ ಗೊತ್ತು.

'ಪೂಜೆ ಆಯ್ತೇನೆ?'

'ಇನ್ನೂ ಇಲ್ಲ' ಅಂದೆ.

'ಮಾಡ್ಕೊಂಡು ಬಾ. ಕೂತಿರ್ತೀನಿ.'

ಕಟ್ಟೆ ಮೇಲೆ ಕೂತು ತಸ್ಬಿ, ಅವರ ಜಪಮಾಲೆ, ತೆಗೆದಳು. ನಾನು ದೇವರ ಕೋಣೆಗೆ ಹೋಗಿ ಹತ್ತು ನಿಮಿಷ ಗೋಡೆ ನೋಡುತ್ತಾ ನಿಂತು, ಪೂಜೆ ಆಯ್ತು ಅನ್ನುತ್ತಾ ಹೊರಗೆ ಬಂದೆ. ಇಬ್ಬರೂ ಚಾ ಕುಡಿದೆವು, ಅವಳು ಎದ್ದು ಹೋದಳು. ಮಾರನೇ ದಿನವೂ ಅದೇ ಪ್ರಶ್ನೆ, ಅದೇ ಸುಳ್ಳು, ಅದೇ ಗೋಡೆ. ಒಂದು ವಾರ ಹೀಗೇ ನಡೆಯಿತು. ಕೊನೆಗೆ ಅವ್ವ ಅಂದಳು, 'ಚಳಿಯಾಗೆ ಆ ಹುಡುಗಿ ಹೊರಗೆ ಕಾಯ್ತಾಳೆ, ನೀನು ಒಳಗೆ ಸುಮ್ನೆ ನಿಂತಿರ್ತೀಯಲ್ಲೇ.'

ಅವತ್ತು ಕರಡಿಗೆ ತೆಗೆದೆ. ಲಿಂಗ ಬೆಚ್ಚಗಿತ್ತು. ದಿನವಿಡೀ ಎದೆ ಮೇಲೇ ಇರುತ್ತದಲ್ಲ, ನನ್ನದೇ ಮೈಯ ಬಿಸಿ. ತಮ್ಮನ ಕೈ ತಣ್ಣಗಿತ್ತು, ಇದು ಬೆಚ್ಚಗಿದೆ ಅಂತ ಅಷ್ಟೇ ಹೊಳೆಯಿತು, ಮತ್ತೇನೂ ಇಲ್ಲ. ಅಳು ಬಂತು. ಮಣ್ಣಿನ ದಿನವೂ ಅಷ್ಟು ಅತ್ತಿರಲಿಲ್ಲ. ಹೊರಗಿನಿಂದ ತಸ್ಬಿ ಮಣಿಯ ಟಿಕ್ ಟಿಕ್ ಕೇಳುತ್ತಿತ್ತು, ಅವಳು ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಹೊರಗೆ ಬಂದಾಗ ಕಟ್ಟೆ ಮೇಲೆ ಬಿಸಿಲು ಬಂದಿತ್ತು.

ಎಷ್ಟೋ ದಿನದ ಮೇಲೆ ಕೇಳಿದೆ, ನಾನು ಸುಳ್ಳು ಹೇಳ್ತಿದ್ದದ್ದು ಗೊತ್ತಿತ್ತಾ ಅಂತ.

'ಊದಿನಕಡ್ಡಿ ವಾಸನೆನೇ ಬರ್ತಿರ್ಲಿಲ್ಲ' ಅಂದಳು.

'ಮತ್ಯಾಕೆ ಕಾಯ್ತಿದ್ದೆ?'

'ನೀನು ಒಳಗಂತೂ ಹೋಗ್ತಿದ್ದೆಯಲ್ಲ.'

ಮೊದಲ ದಿನ ಬಾಗಿಲಲ್ಲಿ ಹೇಳಿಕೊಂಡದ್ದರ ಅರ್ಥವನ್ನೂ ಅವತ್ತೇ ಕೇಳಿದೆ. ನಾವು ಅಲ್ಲಾಹನವರು, ವಾಪಸ್ ಹೋಗೋದೂ ಅವನ ಹತ್ತಿರಾನೇ ಅಂತ, ಅಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ಅಲ್ಲಿಂದಲೇ, 'ಲಿಂಗೈಕ್ಯ ಅಂದ್ರೂ ಅದೇ ಅಲ್ವೇನವ್ವ' ಅಂದಳು.

ತಮ್ಮನ ಮಗನಿಗೆ ಆಗ ಆರು ವರ್ಷ. ಯಾರ ಜೊತೆಗೂ ಮಾತಿಲ್ಲ. ಅವನನ್ನು ಒಂದು ದಿನ ಭಟ್ಟಿಗೆ ಕರೆದುಕೊಂಡು ಹೋದಳು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳಿ ಮಂಡಕ್ಕಿ ಆಗುವುದನ್ನು ನೋಡಿ ಬಂದ ಮಗು ರಾತ್ರಿ ಮಲಗುವವರೆಗೂ ಅದನ್ನೇ ಹೇಳಿತು.

ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ. ಪ್ರತಿ ಸಲ ಅವಳು ನಮ್ಮನೆಗೆ ಹೋಳಿಗೆಗೆ ಬರುತ್ತಿದ್ದಳು. ಶರಣರು ಸೂತಕ ಇಲ್ಲ ಅಂದರೂ ವರ್ಷದೊಳಗೆ ಹಬ್ಬ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಆ ವರ್ಷ ರಂಜಾನ್ ತಿಂಗಳೂ ಮಾರ್ಚ್‌ನಲ್ಲೇ ಶುರುವಾಗಿತ್ತು. ಜಾತ್ರೆಯ ದಿನ ಸಂಜೆ, ಉಪವಾಸದ ಬಾಯಲ್ಲೇ ಬಂದು ಕಟ್ಟೆ ಮೇಲೆ ಕೂತಳು. ಸುಮ್ನೆ ಬಂದೆ, ನೀವು ಮೂರೇ ಜನ ಇರ್ತೀರಲ್ಲ ಅಂದಳು. ಕೈಯಲ್ಲಿ ನಾಲ್ಕು ಖರ್ಜೂರ.

ಅವ್ವ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. ಎದ್ದು ಒಳಗೆ ಹೋದಳು. ಬೇಳೆ ತೊಳೆಯುವ ಸದ್ದು ಬಂತು. ಬೆಲ್ಲದ ವಾಸನೆ ಬಂತು. ತಮ್ಮ ಹೋದ ಮೇಲೆ ಮನೆಯಲ್ಲಿ ಸಿಹಿ ಮಾಡಿದ್ದು ಅದೇ ಮೊದಲು. ಬೀದಿಯಲ್ಲಿ ಡೊಳ್ಳು, ಜನ, ಗದ್ದಲ, ಯಾವ ಮಾತೂ ಕೇಳುವ ಹಾಗಿರಲಿಲ್ಲ. ಅವ್ವ ತಟ್ಟೆಯಲ್ಲಿ ಎರಡು ಹೋಳಿಗೆ ಇಟ್ಟುಕೊಂಡು ಬಾಗಿಲಿಗೆ ಬಂದು, ಮಸೀದಿ ಕಡೆ ಕಿವಿ ಕೊಟ್ಟು ನಿಂತಳು.

'ಬಾಂಗ್ ಆಯ್ತೇನವ್ವಾ? ಬಿಸಿ ಐತೆ, ಆರಿ ಹೋಗ್ತದೆ.'